ಈ ಖರ್ಚು ಯಾರ ಖಾತೆಗೆ?

ರೈತನ ಬಗ್ಗೆ ನಮ್ಮಲ್ಲಿ ಬರೆಯುವವರು ಬಹಳ ಮಂದಿ. ಮಳೆ ಬಾರದ್ದು, ಬೆಲೆ ಬಿದ್ದದ್ದು, ಸಾಲ ತೀರದ್ದು, ಈ ಮೂರರ ಮೇಲೆ ಭಾಷಣ, ಕವಿತೆ, ಪ್ರಬಂಧ ಎಲ್ಲ ಆಗಿಹೋಗಿವೆ. ಆದರೆ ಹೊಲದಲ್ಲಿ ದುಡಿಯುವವನಿಗೂ ಒಂದು ಮೈ ಇದೆ, ಆ ಮೈಗೆ ಕುಡಗೋಲು ತಾಗುತ್ತದೆ, ಎತ್ತು ಹಾಯುತ್ತದೆ, ಹಾವು ಕಚ್ಚುತ್ತದೆ, ರಾಶಿ ಮಷೀನಿನ ಬಾಯಿಗೆ ಕೈ ಸಿಗುತ್ತದೆ ಎಂಬ ಮಾತು ಮಾತ್ರ ಅಪರೂಪ. ಗಾಯವಾದ ದಿನ ಊರೆಲ್ಲ ಸೇರಿ ಅಯ್ಯೋ ಪಾಪ ಅನ್ನುತ್ತದೆ. ಮರುದಿನದಿಂದ ಶುರುವಾಗುವ ಆಸ್ಪತ್ರೆಯ ಖರ್ಚಿಗೆ ಮಾತ್ರ ಊರಿನ ಬಾಯಲ್ಲಿ ಒಂದೇ ಉತ್ತರ: ಅವನ ಹಣೆಬರಹ.

ನಾನು ವಾಣಿಜ್ಯ ವಿಭಾಗದವನು. ಎಸ್ಸೆಸ್ಸೆಲ್ಸಿ ತನಕ ಹಾವೇರಿ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಸೋದರಮಾವನ ನೌಕರಿಯ ಊರಾದ ಈ ಕೋಲ್ಕತ್ತಕ್ಕೆ ಬಂದವನು. ಡೆಬಿಟ್ಟು, ಕ್ರೆಡಿಟ್ಟು, ಲೆಡ್ಜರು ಎಂಬ ಮಾತುಗಳನ್ನು ಮೊದಲ ಸಲ ಇಂಗ್ಲಿಷಿನಲ್ಲಿ ಕೇಳಿದಾಗ ತಲೆ ತಿರುಗಿದ್ದು ನಿಜ. ಆದರೆ ಆ ಶಾಸ್ತ್ರದ ಒಂದು ನಿಯಮ ನನಗೆ ಬಹಳ ಹಿಡಿಸಿತು. ಖರ್ಚು ಅಂತ ಒಂದು ಆದ ಮೇಲೆ ಅದು ಯಾವುದಾದರೂ ಒಂದು ಖಾತೆಗೆ ಬೀಳಲೇಬೇಕು. ಯಾರಿಗೂ ಸೇರದ ಖರ್ಚು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ.

ಹಾಗಿದ್ದರೆ ಹೊಲದಲ್ಲಿ ಗಾಯವಾದವನ ಚಿಕಿತ್ಸೆಯ ಖರ್ಚು ಯಾರ ಖಾತೆಗೆ ಬೀಳಬೇಕು? ನನಗೆ ತಿಳಿದ ಮಟ್ಟಿಗೆ ನಾಲ್ಕು ಖಾತೆಗಳಿವೆ. ಒಂದು ಸರ್ಕಾರದ್ದು. ಎರಡನೆಯದು ವಿಮೆಯ ಕಾರ್ಡಿನದು. ಮೂರನೆಯದು ಕೆಲಸಕ್ಕೆ ಕರೆದ ಧಣಿಯದು. ನಾಲ್ಕನೆಯದು ಗಾಯಾಳುವಿನ ಮನೆಯದು. ಮೊದಲ ಮೂರರಲ್ಲಿ ಯಾರೂ ಬರೆಯದೆ ಬಿಟ್ಟದ್ದೆಲ್ಲ ನಾಲ್ಕನೆಯದಕ್ಕೆ ತಾನಾಗಿ ಬಂದು ಬೀಳುತ್ತದೆ. ಈ ನಾಲ್ಕನ್ನೂ ಒಂದೊಂದಾಗಿ ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಲೆಕ್ಕ ಅಂದರೆ ಬೇಸರ ಎನ್ನುವ ಸಾಹಿತ್ಯದ ಗೆಳೆಯರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮನೆಯ ಖಾತೆ

ಕೊನೆಯದರಿಂದಲೇ ಆರಂಭಿಸೋಣ. ಏಕೆಂದರೆ ನಮಗೆಲ್ಲ ಗೊತ್ತಿರುವ ಖಾತೆ ಅದೊಂದೇ.

ನಮ್ಮ ಭಾಗದಲ್ಲಿ ಗೋವಿನಜೋಳ ಹೆಚ್ಚು. ತೆನೆ ಮುರಿದು ಒಟ್ಟಿದ ಮೇಲೆ ಟ್ರಾಕ್ಟರಿಗೆ ಹಚ್ಚಿದ ರಾಶಿ ಮಷೀನು ಬರುತ್ತದೆ. ಹಗಲೂ ರಾತ್ರಿ ಕೆಲಸ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಓಣಿಯ ಕಾಕಾ ಒಬ್ಬರು ಹೀಗೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿ, ತೆನೆ ತುಂಬುವಾಗ ಬಲಗೈಯ ನಾಲ್ಕು ಬೆರಳು ಕಳಕೊಂಡರು. ಆಗ ಅವರಿಗೆ 35 ವರ್ಷ. ತಾಲೂಕು ಆಸ್ಪತ್ರೆಯಲ್ಲಿ ಕಟ್ಟು ಕಟ್ಟಿ ಹುಬ್ಬಳ್ಳಿಗೆ ಒಯ್ಯಿರಿ ಅಂದರು. ಗಾಬರಿಯಲ್ಲಿ ಜೊತೆಗಿದ್ದವರು ತಮಗೆ ಗೊತ್ತಿದ್ದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಒಯ್ದರು. ಅಲ್ಲಿ ಸರ್ಕಾರದ ಕಾರ್ಡು ನಡೆಯುವುದಿಲ್ಲ ಅಂತ ಗೊತ್ತಾದದ್ದು ಆಪರೇಶನ್ ಆದ ಮೇಲೆ.

ಆಗಿನ ಖರ್ಚನ್ನು ಚಿಗವ್ವ ಬಾಯಲ್ಲೇ ಹೇಳುತ್ತಾರೆ, ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ನರ್ಸಿಂಗ್ ಹೋಮಿಗೆ 48,000. ಗಾಡಿ ಬಾಡಿಗೆ, ಹೊರಗಿನ ಔಷಧ, ಊಟ, ಆಮೇಲೆ ವಾರ ವಾರದ ಡ್ರೆಸ್ಸಿಂಗು ಸೇರಿ 14,000. ಒಟ್ಟು 62,000. ಇದಕ್ಕೆ ಹಣ ಬಂದದ್ದು ಹೀಗೆ: ಕೂಡಿಟ್ಟದ್ದು 7,000, ಎಮ್ಮೆ ಮಾರಿ 28,000, ಹೊಲದ ಧಣಿ ಕೊಟ್ಟದ್ದು 5,000, ಉಳಿದ 22,000 ತಿಂಗಳಿಗೆ ಶೇಕಡಾ 3ರ ಬಡ್ಡಿಗೆ ತಂದ ಸಾಲ. ಅಂದರೆ ಅಸಲು ಹಾಗೇ ಇರಲಿ, ಬರೀ ಬಡ್ಡಿಯೇ ವರ್ಷಕ್ಕೆ 7,920 ರೂಪಾಯಿ.

ಇಷ್ಟೇ ಅಲ್ಲ. ಕಾಕಾ ನಾಲ್ಕು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಅವರ ಕೂಲಿ ಆಗ ದಿನಕ್ಕೆ 300. ತಿಂಗಳಿಗೆ 26 ದಿನ ಹಿಡಿದರೆ 31,200 ಹೋಯಿತು. ಆಸ್ಪತ್ರೆಯಲ್ಲಿ ಜೊತೆಗಿದ್ದ ಚಿಗವ್ವನ ಇಪ್ಪತ್ತು ದಿನದ ಕೂಲಿ 200ರಂತೆ 4,000. ಯಾವ ಬಿಲ್ಲಿನಲ್ಲೂ ಇಲ್ಲದ ಖರ್ಚು ಇದು. ಎಮ್ಮೆ ಹೋದ ಮೇಲೆ ನಿಂತ ಹಾಲಿನ ರೊಕ್ಕ ಬೇರೆ. ನಾವು ಕ್ಲಾಸಿನಲ್ಲಿ ಬಂಡವಾಳ ಮಾರಿ ದಿನದ ಖರ್ಚು ನಡೆಸಬಾರದು ಅಂತ ಓದುತ್ತೇವೆ. ಗಾಯವಾದ ಮನೆಯಲ್ಲಿ ಬೇರೆ ದಾರಿಯೇ ಇರುವುದಿಲ್ಲ.

ಇದು ಒಂದು ಮನೆಯ ಮಾತಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 2017-18ರಲ್ಲಿ ದೇಶದಾದ್ಯಂತ ವಿಚಾರಿಸಿದಾಗ, ಹೆರಿಗೆ ಬಿಟ್ಟು ಒಂದು ಸಲ ಆಸ್ಪತ್ರೆಗೆ ಸೇರಿದರೆ ಆಗುವ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಎಂದು ಕಂಡುಬಂತು. ಹಳ್ಳಿಯ ಮನೆಗಳಲ್ಲಿ ನೂರಕ್ಕೆ ಸುಮಾರು 80 ಮನೆಗಳು ಈ ಖರ್ಚನ್ನು ಮುಖ್ಯವಾಗಿ ದುಡಿಮೆ ಮತ್ತು ಉಳಿತಾಯದಿಂದ, 13 ಮನೆಗಳು ಸಾಲ ಮಾಡಿ ತೀರಿಸಿದ್ದವು. ಸರ್ಕಾರಿ ಆಸ್ಪತ್ರೆಯಲ್ಲೂ ನಾಲ್ಕು ಸಾವಿರ ಚಿಲ್ಲರೆ ಏಕಪ್ಪಾ ಅಂದರೆ, ಒಳಗೆ ಚಿಕಿತ್ಸೆ ಪುಕ್ಕಟೆ ಇದ್ದರೂ ಹೊರಗಿನಿಂದ ತರುವ ಔಷಧ, ಪರೀಕ್ಷೆ, ಸಾಮಾನು ಇದ್ದೇ ಇರುತ್ತವೆ. ಪುಕ್ಕಟೆ ಆಸ್ಪತ್ರೆ ಬೇರೆ, ಪುಕ್ಕಟೆ ಕಾಯಿಲೆ ಬೇರೆ.

ಸರ್ಕಾರದ ಖಾತೆ

ಇನ್ನು ಸರ್ಕಾರದ ಮಾತು. ಇದಕ್ಕೆ ಉದಾಹರಣೆಯನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಹುಟ್ಟಿದ್ದೇ ನಾವಿರುವ ಈ ಊರಿನ ಒಂದು ಪ್ರಕರಣದಿಂದ.

ಸಿಯಾಲ್ದಾ ಸ್ಟೇಷನ್ನಿನ ದಕ್ಷಿಣ ಭಾಗದಿಂದ ಹೊರಡುವ ಲೋಕಲ್ ಗಾಡಿಗಳನ್ನು ನೀವೆಲ್ಲ ನೋಡಿದ್ದೀರಿ. ಕ್ಯಾನಿಂಗ್, ಡೈಮಂಡ್ ಹಾರ್ಬರ್, ಲಕ್ಷ್ಮೀಕಾಂತಪುರದ ಕಡೆಯ ಭತ್ತದ ಊರುಗಳಿಂದ ತರಕಾರಿ, ಮೀನು, ಕೂಲಿಯವರು, ಕಾಯಿಲೆಯವರು ಎಲ್ಲರೂ ಇದೇ ಗಾಡಿಗಳಲ್ಲಿ ಬರುತ್ತಾರೆ. ಆ ಮಾರ್ಗದ ಮಥುರಾಪುರ ಸ್ಟೇಷನ್ನಿನಲ್ಲಿ 1992ರ ಜುಲೈ 8ರ ಸಂಜೆ ಒಬ್ಬ ಮನುಷ್ಯ ರೈಲಿನಿಂದ ಬಿದ್ದು ತಲೆಗೆ ಭಾರಿ ಪೆಟ್ಟು ಮಾಡಿಕೊಂಡ. ಆತ ಪಶ್ಚಿಮ ಬಂಗ ಖೇತ್ ಮಜದೂರ್ ಸಮಿತಿ ಎಂಬ ಹೊಲದ ಕೂಲಿಕಾರರ ಸಂಘದ ಸದಸ್ಯ. ಮೊದಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ದರು. ಅಲ್ಲಿ ಸೌಕರ್ಯ ಇಲ್ಲ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅಂದರು. ರಾತ್ರಿ ಹೊತ್ತಿಗೆ ಕೋಲ್ಕತ್ತ ಮುಟ್ಟಿದರು. ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದಾಟ. ಒಂದು ಕಡೆ ಮಂಚ ಖಾಲಿ ಇಲ್ಲ, ಇನ್ನೊಂದು ಕಡೆ ಮೆದುಳಿನ ಶಸ್ತ್ರಚಿಕಿತ್ಸೆಯ ಸೌಲಭ್ಯ ಇಲ್ಲ. ಕಡೆಗೆ ಖಾಸಗಿ ಆಸ್ಪತ್ರೆಗೆ ಸೇರಿಸಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಉಳಿಸಿಕೊಂಡರು. 1992ರ 17,000 ಎಂಬುದನ್ನು ನೆನಪಿಡಿ.

ಸಂಘವೂ ಆ ಮನುಷ್ಯನೂ ಸುಪ್ರೀಂ ಕೋರ್ಟಿಗೆ ಹೋದರು. 1996ರ ಮೇ 6ರಂದು ತೀರ್ಪು ಬಂತು. ಜೀವ ಉಳಿಸುವುದು ಸರ್ಕಾರದ ಕರ್ತವ್ಯ, ಸಕಾಲಕ್ಕೆ ಚಿಕಿತ್ಸೆ ಕೊಡದೆ ಕಳಿಸಿದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿಗೆ ಭಂಗ, ಬೊಕ್ಕಸದಲ್ಲಿ ಹಣ ಇಲ್ಲ ಎಂಬುದು ಈ ಕರ್ತವ್ಯದಿಂದ ತಪ್ಪಿಸಿಕೊಳ್ಳುವ ನೆಪವಾಗಲಾರದು ಎಂದು ಕೋರ್ಟು ಹೇಳಿತು. ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಮಂಚ ಖಾಲಿ ಇದೆ ಎಂಬುದು ಒಂದೇ ಕಡೆ ತಿಳಿಯುವ ಏರ್ಪಾಡು ಬೇಕು, ಪ್ರಾಥಮಿಕ ಕೇಂದ್ರದಲ್ಲೇ ಮೊದಲ ಚಿಕಿತ್ಸೆ ಕೊಟ್ಟು ಗಾಯಾಳುವಿನ ಸ್ಥಿತಿ ನಿಲ್ಲಿಸುವಷ್ಟು ಸೌಕರ್ಯ ಬೇಕು, ಸಾಕಷ್ಟು ಆಂಬುಲೆನ್ಸು ಬೇಕು ಎಂದೂ ಸೂಚಿಸಿತು.

ಹೊಲದ ಕೂಲಿಕಾರರ ಒಂದು ಸಂಘ ಹೋರಾಡಿ ತಂದ ಈ ತೀರ್ಪನ್ನು ಕಾನೂನು ಓದುವ ಗೆಳೆಯರು ಪರೀಕ್ಷೆಗಾಗಿ ಓದುತ್ತಾರೆ. ಆದರೆ ನಮ್ಮ ಊರಿನ ಕಟ್ಟೆಯ ಮೇಲೆ ಇದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ, ತುರ್ತು ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವವನು ಸ್ವಲ್ಪ ಎದೆಯೆತ್ತಿ ನಿಲ್ಲುತ್ತಿದ್ದ. ಅವನು ಬೇಡುತ್ತಿರುವುದು ಭಿಕ್ಷೆಯಲ್ಲ.

ಕಾರ್ಡಿನ ಖಾತೆ

ಎರಡನೆಯದು ವಿಮೆ. ಇದರಲ್ಲಿ ಕರ್ನಾಟಕಕ್ಕೂ ಕೋಲ್ಕತ್ತಕ್ಕೂ ಒಂದು ನಂಟು ಇದೆ. ದಕ್ಷಿಣ ಕನ್ನಡದ ಕಿನ್ನಿಗೋಳಿಯಲ್ಲಿ ಹುಟ್ಟಿದ ಹೃದಯ ತಜ್ಞ ಡಾ. ದೇವಿ ಶೆಟ್ಟಿಯವರು ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯ ಕಟ್ಟುವ ಮುಂಚೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಇಲ್ಲಿಯೇ, ಬಿ.ಎಂ. ಬಿರ್ಲಾ ಹೃದಯ ಸಂಶೋಧನ ಕೇಂದ್ರದಲ್ಲಿ. ಮುಂದೆ ಕರ್ನಾಟಕ ಸರ್ಕಾರದ ಸಹಕಾರ ಇಲಾಖೆ ಯಶಸ್ವಿನಿ ಎಂಬ ಯೋಜನೆ ತಂದಾಗ ಅದರ ಹಿಂದೆ ಇದ್ದವರಲ್ಲಿ ಅವರೂ ಒಬ್ಬರು.

ಯಶಸ್ವಿನಿ 2003ರ ಜೂನ್‌ನಲ್ಲಿ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ, ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳು ಪುಕ್ಕಟೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಲೆಕ್ಕ ಸರಳ: ಕಟ್ಟುವವರು ಲಕ್ಷಗಟ್ಟಲೆ, ಆಪರೇಶನ್ ಬೇಕಾಗುವವರು ಕೆಲವು ಸಾವಿರ. ಊರಲ್ಲಿ ಮದುವೆಗೆ ಎಲ್ಲರೂ ಮುಯ್ಯಿ ಹಾಕಿದ ಹಾಗೆ.

ಈ ಯೋಜನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅದರ ಪಟ್ಟಿಯಲ್ಲಿ ಶಸ್ತ್ರಚಿಕಿತ್ಸೆಗಳ ಜೊತೆಗೆ ಹಾವು ಕಚ್ಚಿದ್ದು, ನಾಯಿ ಕಚ್ಚಿದ್ದು, ನೀರಿಗೆ ಬಿದ್ದದ್ದು, ಎತ್ತು ಹಾಯ್ದದ್ದು, ಕರೆಂಟು ಹೊಡೆದದ್ದು, ಕೃಷಿ ಉಪಕರಣ ನಡೆಸುವಾಗ ಆದ ಅಪಘಾತ ಎಂದು ಬಿಡಿಬಿಡಿಯಾಗಿ ಬರೆದಿದ್ದರು. ಹೊಲ ಗೊತ್ತಿದ್ದವರು ಯಾರೋ ಕೂತು ಮಾಡಿದ ಪಟ್ಟಿ ಅದು. ಯಶಸ್ವಿನಿಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. ಮತ್ತೆ 2022ರ ಕೊನೆಗೆ ಹೊಸದಾಗಿ ನೋಂದಣಿ ಆರಂಭಿಸಿದರು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ, 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತು ಮಾಡಿದರು.

ಬಂಗಾಳದಲ್ಲಿ ಸ್ವಾಸ್ಥ್ಯ ಸಾಥಿ ಎಂಬ ಕಾರ್ಡು 2016ರ ಡಿಸೆಂಬರ್‌ನಲ್ಲಿ ಬಂತು. 2020ರ ಡಿಸೆಂಬರ್‌ನಲ್ಲಿ ಅದನ್ನು ರಾಜ್ಯದ ಎಲ್ಲ ಕುಟುಂಬಗಳಿಗೂ ತೆರೆದರು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ. ಕಾರ್ಡು ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿ ಬರುವಂತೆ ಮಾಡಿದ್ದು ಇದರ ವಿಶೇಷ. ಕೇಂದ್ರದ ಆಯುಷ್ಮಾನ್ ಭಾರತ 2018ರ ಸೆಪ್ಟೆಂಬರ್ 23ರಂದು ಶುರುವಾಯಿತು. ಅಲ್ಲೂ ಕುಟುಂಬಕ್ಕೆ 5 ಲಕ್ಷವೇ.

ಹಾಗಾದರೆ ತೊಂದರೆ ಎಲ್ಲಿ? ಕಾರ್ಡು ಕೊಡುವುದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಮಲಗಿದಾಗ ಆಗುವ ಖರ್ಚನ್ನು, ಅದೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ. ತಿಂಗಳುಗಟ್ಟಲೆ ನಡೆಯುವ ಡ್ರೆಸ್ಸಿಂಗು, ಬಸ್ಸಿನ ಖರ್ಚು, ಹೋದ ಕೂಲಿ ಇವು ಯಾವುವೂ ಅದರೊಳಗೆ ಬರುವುದಿಲ್ಲ. ಕಾಕಾನ ಮನೆಯಲ್ಲೂ ಕಾರ್ಡು ಇತ್ತು, ಟ್ರಂಕಿನಲ್ಲಿ. ನನ್ನ ಬಂಗಾಳಿ ಸಹಪಾಠಿಯೊಬ್ಬ ಕ್ಯಾನಿಂಗ್ ಕಡೆಯವನು. ಅವರಲ್ಲಿ ರಾಶಿ ಮಷೀನಿಗೆ ಧಾನ್ ಝಾಡಾ ಮೆಷಿನ್ ಅನ್ನುತ್ತಾರಂತೆ. ನಾನು ಕಾಕಾನ ಕಥೆ ಹೇಳಿದಾಗ ಅವನು, "ನಮ್ಮ ಕಡೆಯೂ ಇದೇ ಕಥೆ, ಊರಿನ ಹೆಸರು ಮಾತ್ರ ಬೇರೆ" ಅಂದ. ಗಾಯವಾದ ಮೊದಲ ಗಂಟೆಯಲ್ಲಿ ಯಾವ ಆಸ್ಪತ್ರೆಗೆ ಒಯ್ಯಬೇಕು ಎಂದು ತಿಳಿದಿದ್ದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದ ಮಾತು.

ಧಣಿಯ ಖಾತೆ

ಈಗ ಮೂರನೆಯದು. ನನ್ನ ಮಟ್ಟಿಗೆ ಈ ಲೇಖನದ ತಿರುಳು ಇದೇ.

ಧಣಿ ಕಾಕಾಗೆ 5,000 ಕೊಟ್ಟರು ಎಂದೆನಲ್ಲ, ಅದನ್ನು ಅವರೂ ಧರ್ಮ ಅಂತಲೇ ಕೊಟ್ಟರು, ಇವರೂ ಧರ್ಮ ಅಂತಲೇ ಇಸಕೊಂಡರು. "ಅವರು ಭಾಳ ಒಳ್ಳೇ ಮನಶ್ಯಾ, ಕೊಡದಿದ್ರ ಏನ್ ಮಾಡೂದಿತ್ತು?" ಅಂತ ಕಾಕಾ ಈಗಲೂ ಹೇಳುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅದು ಧರ್ಮವಲ್ಲ, ಬಾಕಿ.

ಕೆಲಸದಲ್ಲಿ ಜೀವ ಹೋದರೆ, ಅಂಗ ಹೋದರೆ ಕೆಲಸ ಕೊಟ್ಟವನು ಹೊಣೆ ಎಂಬ ವಿಚಾರ ನಮ್ಮ ದೇಶದಲ್ಲಿ ಹೊಸದಲ್ಲ. ಇನ್ನೊಬ್ಬರ ತಪ್ಪಿನಿಂದ ಸತ್ತವನ ಮನೆಯವರು ಪರಿಹಾರ ಕೇಳಬಹುದು ಎಂಬ ಕಾಯ್ದೆ 1855ರಷ್ಟು ಹಿಂದೆಯೇ ಬಂತು. ಕೋಲ್ಕತ್ತ ಆಗ ಬ್ರಿಟಿಷರ ರಾಜಧಾನಿ. ಆದರೆ ಅಲ್ಲಿ ಧಣಿಯ ತಪ್ಪನ್ನು ಸಾಬೀತು ಮಾಡಬೇಕಿತ್ತು. ಬಡವನಿಂದ ಆಗುವ ಕೆಲಸವೇ ಅದು? 1923ರಲ್ಲಿ ಬಂದ ಕಾರ್ಮಿಕರ ಪರಿಹಾರ ಕಾಯ್ದೆ ಈ ತೊಡಕನ್ನು ಬಿಡಿಸಿತು. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಗಾಯವಾಯಿತು ಎಂದು ತೋರಿಸಿದರೆ ಸಾಕು, ತಪ್ಪು ಯಾರದು ಎಂಬ ಪ್ರಶ್ನೆ ಬೇಡ. ಕುಡಿದಿದ್ದ, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ, ಬೇಕೆಂದೇ ರಕ್ಷಣೆಯ ಸಾಧನ ತೆಗೆದ, ಇಂಥ ಕೆಲವು ಕಾರಣ ಹೇಳಿ ಧಣಿ ತಪ್ಪಿಸಿಕೊಳ್ಳಬಹುದು. ಜೀವ ಹೋದರೆ ಅಥವಾ ಮನುಷ್ಯ ಪೂರ್ತಿ ಕೆಲಸಕ್ಕೆ ಬಾರದಂತಾದರೆ ಆ ಕಾರಣಗಳೂ ನಡೆಯವು. "ಲಕ್ಷ್ಯ ಇಲ್ಲದೆ ಕೈ ಹಾಕಿದ" ಎಂಬ ಮಾತಂತೂ ಯಾವತ್ತೂ ಸಾಲದು.

ಹೊಲದ ಕೆಲಸಕ್ಕೆ ಇದು ಬರುತ್ತದೆಯೇ? ಕಾಯ್ದೆಯ ಪಟ್ಟಿಯಲ್ಲಿ ಟ್ರಾಕ್ಟರು ಅಥವಾ ಯಂತ್ರಶಕ್ತಿ, ವಿದ್ಯುತ್ತಿನಿಂದ ನಡೆಯುವ ಸಾಧನಗಳಿಂದ ಮಾಡುವ ಬೇಸಾಯ ಎಂದು ಸ್ಪಷ್ಟವಾಗಿ ಇದೆ. ಮುಂದೆ ಸುಗ್ಗಿ ಕಾಲದಲ್ಲಿ ರಾಶಿ ಮಷೀನುಗಳಿಗೆ ಕೈ ಕಳಕೊಳ್ಳುವವರು ಹೆಚ್ಚಾದಾಗ, 1983ರಲ್ಲಿ ಪಾರ್ಲಿಮೆಂಟು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಎಂಬುದನ್ನೇ ಮಾಡಿತು. ಯಂತ್ರ ತಯಾರಿಕೆಯಲ್ಲಿ ಸುರಕ್ಷತೆ ಇರಬೇಕು ಎಂಬುದರ ಜೊತೆಗೆ ಅದನ್ನು ನಡೆಸುವಾಗ ಆದ ಸಾವು, ಗಾಯಕ್ಕೆ ಪರಿಹಾರ ಕೊಡಬೇಕು ಎಂಬುದೂ ಅದರ ಉದ್ದೇಶ.

ಆದರೂ ಬಹುಕಾಲ ಒಂದು ಕೊರತೆ ಉಳಿದಿತ್ತು. ಅಂಗ ಹೋದದ್ದಕ್ಕೆ ಪರಿಹಾರ ಇತ್ತು, ಆಸ್ಪತ್ರೆಯ ಖರ್ಚಿನ ಮಾತು ಇರಲಿಲ್ಲ. 2009ರಲ್ಲಿ ತಿದ್ದುಪಡಿ ಮಾಡಿ, ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಕೆಲಸ ಕೊಟ್ಟವನು ತುಂಬಿಕೊಡಬೇಕು ಎಂದು ಸೇರಿಸಿದರು. ಅದು 2010ರ ಜನವರಿ 18ರಿಂದ ಜಾರಿಗೆ ಬಂತು. ಈ 1923ರ ಕಾಯ್ದೆಯ ಜಾಗಕ್ಕೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. 2025ರ ನವೆಂಬರ್ 21ರಂದು ಅದು ಜಾರಿಯಾಯಿತು. ಧಣಿಯ ಹೊಣೆಯೂ, ಚಿಕಿತ್ಸೆಯ ಖರ್ಚಿನ ಮಾತೂ ಅದರಲ್ಲಿ ಮುಂದುವರಿದಿವೆ.

ಈಗ ಕಾಕಾನ ಲೆಕ್ಕ ಹಾಕೋಣ. ಅವರಿಗೆ ಗಾಯವಾದಾಗ ಇದ್ದದ್ದು ಹಳೆಯ ಕಾಯ್ದೆ. ಅದರ ಪ್ರಕಾರ ಮನುಷ್ಯ ಪೂರ್ತಿ ದುಡಿಮೆಗೆ ಬಾರದಂತಾದರೆ, ತಿಂಗಳ ಕೂಲಿಯ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 35 ವರ್ಷದವನಿಗೆ ಆ ಸಂಖ್ಯೆ 197.06. ಕಾಕಾನ ತಿಂಗಳ ಕೂಲಿ 300ರಂತೆ 26 ದಿನಕ್ಕೆ 7,800. ಅದರ ಶೇಕಡಾ 60 ಅಂದರೆ 4,680. ಇದನ್ನು 197.06ರಿಂದ ಗುಣಿಸಿದರೆ 9,22,240 ರೂಪಾಯಿ. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಯುವ ಶಕ್ತಿಯ ಶೇಕಡಾ 50 ನಷ್ಟ ಎಂದು ಕಾಯ್ದೆಯ ಪಟ್ಟಿ ಹೇಳುತ್ತದೆ. ಹಾಗಾಗಿ ಅದರ ಅರ್ಧ, 4,61,120 ರೂಪಾಯಿ. ಇದು ಬೆರಳುಗಳಿಗೆ. ಚಿಕಿತ್ಸೆಯ ಖರ್ಚು ಬೇರೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಬೇರೆ.

ಕೊಟ್ಟದ್ದು 5,000. ಕೊಡಬೇಕಾಗಿದ್ದದ್ದು ನಾಲ್ಕೂವರೆ ಲಕ್ಷಕ್ಕೂ ಮೇಲೆ. ಈ ಎರಡು ಅಂಕಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದೆ. ಅರ್ಜಿ ಹಾಕಲು ಎರಡು ವರ್ಷದ ಗಡುವು. ತಕ್ಕ ಕಾರಣ ಇದ್ದರೆ ಅಧಿಕಾರಿ ಆಮೇಲೂ ತೆಗೆದುಕೊಳ್ಳಬಹುದು ಎಂಬ ಸಣ್ಣ ಕಿಂಡಿಯೊಂದು ಕಾಯ್ದೆಯಲ್ಲಿದೆ.

ಇಲ್ಲಿ ಧಣಿಯನ್ನು ಬರೀ ಬೈದು ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಆ ಧಣಿಗೂ ಇರುವುದು ಐದೆಕರೆ. ಸೊಸೈಟಿಯಲ್ಲಿ ಅವರ ಹೆಸರಿಗೂ ಸಾಲ ಇದೆ. ಜೊತೆಗೆ ಹೊಲ ಒಬ್ಬರದು, ಮಷೀನು ಇನ್ನೊಬ್ಬರದು, ಆಳು ಕರೆತಂದವನು ಮತ್ತೊಬ್ಬ. ಗಾಯವಾದಾಗ ಮೂವರೂ ಒಬ್ಬರ ಕಡೆ ಒಬ್ಬರು ತೋರಿಸುತ್ತಾರೆ. ತನ್ನ ಕಸುಬಿನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೂ ಹೊಣೆಯೇ, ಆಮೇಲೆ ಅವನು ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕಾಯ್ದೆ ಇದಕ್ಕೂ ದಾರಿ ತೋರಿಸಿದೆ. ಆದರೆ ಐದೆಕರೆಯವನು ನಾಲ್ಕೂವರೆ ಲಕ್ಷ ಎಲ್ಲಿಂದ ತರಬೇಕು?

ಕಾರ್ಖಾನೆಯವನು ಇದಕ್ಕೆ ಉತ್ತರ ಕಂಡುಕೊಂಡಿದ್ದಾನೆ. ಕಾರ್ಮಿಕರ ವಿಮೆ ಮಾಡಿಸುತ್ತಾನೆ, ಅದರ ಕಂತನ್ನು ಮಾಲಿನ ಬೆಲೆಯಲ್ಲಿ ಸೇರಿಸುತ್ತಾನೆ. ರಾಶಿ ಮಷೀನಿನವನು ಬಾಡಿಗೆ ಗೊತ್ತು ಮಾಡುವಾಗ ಡೀಸೆಲ್ಲು, ಡ್ರೈವರನ ಪಗಾರ, ಬೆಲ್ಟು, ರಿಪೇರಿ ಎಲ್ಲ ಲೆಕ್ಕಕ್ಕೆ ಹಿಡಿಯುತ್ತಾನೆ. ಮಷೀನಿನ ಬೆಲ್ಟು ಹರಿದರೆ ಅದಕ್ಕೆ ಖಾತೆ ಇದೆ, ಮನುಷ್ಯನ ಬೆರಳು ಹರಿದರೆ ಖಾತೆ ಇಲ್ಲ. ಮಷೀನು ಇಟ್ಟುಕೊಂಡವರು ಅದರ ಜೊತೆಗೇ ಕೆಲಸಗಾರರ ವಿಮೆಯನ್ನೂ ಮಾಡಿಸಿ, ಆ ಖರ್ಚನ್ನು ಬಾಡಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಂಚಿದರೆ ಯಾರ ಮನೆಯೂ ಮುಳುಗುವುದಿಲ್ಲ. ಆ ಭಾರವನ್ನು ನೂರು ಹೊಲಗಳು ಹೊರುವ ಬದಲು ಒಂದು ಮನೆಯ ಎಮ್ಮೆ ಹೊರಬೇಕಾಗಿ ಬಂದಿದೆ.

ಖಾತೆಯೇ ಸಿಗದವರು

ಇಷ್ಟು ಹೇಳಿದ ಮೇಲೂ ಕೆಲವರು ಹೊರಗೇ ಉಳಿಯುತ್ತಾರೆ. ತನ್ನ ಹೊಲದಲ್ಲಿ ತಾನೇ ದುಡಿದು ಗಾಯ ಮಾಡಿಕೊಂಡ ರೈತನಿಗೆ ಧಣಿ ಯಾರು? ಮುಯ್ಯಾಳಾಗಿ ನೆರೆಯವನ ಹೊಲಕ್ಕೆ ಹೋದವನಿಗೆ ಧಣಿ ಯಾರು? ಕೇಂದ್ರದ ಪಟ್ಟಿಯಲ್ಲಿ ಇರುವುದು ಯಂತ್ರದ ಬೇಸಾಯ. ಬರೀ ಕುಡಗೋಲು ಹಿಡಿದು ಕೊಯ್ಯುವವಳಿಗೆ ಆ ಮಾತಿನ ಆಸರೆ ಸಿಗುವುದು ಕಷ್ಟ. ಇವರಿಗೆಲ್ಲ ಸರ್ಕಾರಿ ಆಸ್ಪತ್ರೆ ಮತ್ತು ಕಾರ್ಡು ಎರಡೇ ಗತಿ.

ಹಾವಿನ ಕಡಿತವನ್ನೇ ನೋಡಿ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಅದರಲ್ಲಿ ಹೆಚ್ಚಿನವರು ಹಳ್ಳಿಯವರು, ಹೆಚ್ಚಿನ ಸಾವು ಮಳೆಗಾಲದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ವಿಷಕ್ಕೆ ಕೊಡುವ ಇಂಜೆಕ್ಷನ್ನಿಗೆ ದುಡ್ಡಿಲ್ಲ. ಆದರೆ ಅಲ್ಲಿಗೆ ಮುಟ್ಟುವುದರೊಳಗೆ ಮಂತ್ರ ಹಾಕುವವನಿಗೂ ಗಾಡಿಯವನಿಗೂ ದುಡ್ಡು ಹೋಗಿರುತ್ತದೆ, ಅದಕ್ಕಿಂತ ದೊಡ್ಡದಾದ ಹೊತ್ತೂ ಹೋಗಿರುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಇದರಿಂದ ಏನು ಲಾಭ ಅಂತ ಕೇಳಬಹುದು. ಪುಸ್ತಕದಲ್ಲಿ ಬರೆದದ್ದಕ್ಕೇ ಮುಂದಿನ ವರ್ಷ ಹಣ ಇಡುತ್ತಾರೆ, ಬರೆಯದೆ ಬಿಟ್ಟದ್ದಕ್ಕೆ ಇಡುವುದಿಲ್ಲ.

ನಾವು ಮಾಡಬಹುದಾದದ್ದು

ನಾವು ವಿದ್ಯಾರ್ಥಿಗಳು. ಕೈಯಲ್ಲಿ ಹಣ ಇಲ್ಲ, ಅಧಿಕಾರ ಇಲ್ಲ. ಆದರೆ ಓದಲು ಬರೆಯಲು ಬರುತ್ತದೆ. ಗಾಯವಾದ ಮನೆಯಲ್ಲಿ ಮೊದಲ ವಾರ ಬೇಕಾಗುವುದು ಬಹುಮಟ್ಟಿಗೆ ಅದೇ.

ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಕಾರ್ಡು ನಡೆಯುವ ಹತ್ತಿರದ ಆಸ್ಪತ್ರೆ ಯಾವುದು ಎಂದು ವಿಚಾರಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಅಲ್ಲೇ ಆಂಬುಲೆನ್ಸಿನ 108 ಕೂಡ ಇರಲಿ. ಯಾರಿಗಾದರೂ ಕೆಲಸದಲ್ಲಿ ಗಾಯವಾದರೆ ನಾಲ್ಕು ಕಾಗದ ಕಾಯ್ದುಕೊಳ್ಳಲು ಹೇಳಿ. ಮೊದಲನೆಯದು ಗಾಯ ಹೇಗಾಯಿತು ಎಂದು ಬರೆದ ಆಸ್ಪತ್ರೆಯ ಚೀಟಿ. "ಬಿದ್ದು ಪೆಟ್ಟಾಯಿತು" ಅಂತ ಬರೆಸಬೇಡಿ, "ಇಂಥ ಹೊಲದಲ್ಲಿ ಮಷೀನಿನ ಕೆಲಸ ಮಾಡುವಾಗ" ಎಂದು ನಿಜ ಇದ್ದದ್ದನ್ನೇ ಬರೆಸಿ. ಎರಡನೆಯದು ಪ್ರತಿಯೊಂದು ಔಷಧದ, ಗಾಡಿಯ ರಸೀದಿ. ಮೂರನೆಯದು ಎಷ್ಟು ಕೂಲಿ, ಎಷ್ಟು ದಿನ ಎಂಬುದಕ್ಕೆ ಜೊತೆಯಲ್ಲಿ ದುಡಿದ ಇಬ್ಬರ ಹೇಳಿಕೆ. ನಾಲ್ಕನೆಯದು ಧಣಿಗೆ ಕೊಟ್ಟ ತಿಳುವಳಿಕೆ ಪತ್ರದ ನಕಲು. ಜಗಳದ ಪತ್ರ ಬೇಡ, ನಾಲ್ಕು ಸಾಲು ಸಾಕು. ಆ ಪತ್ರ ಬರೆದುಕೊಡಲು ಬಿ.ಎ.ಯೂ ಬೇಕಿಲ್ಲ, ಬಿ.ಕಾಂ.ಉ ಬೇಕಿಲ್ಲ.

ಟ್ರಾಕ್ಟರು ರಸ್ತೆಯ ಮೇಲೆ ಮಗುಚಿದ್ದಾದರೆ ಅದು ಮೋಟಾರು ವಾಹನ ಕಾಯ್ದೆಗೆ ಸೇರುತ್ತದೆ. ರಸ್ತೆ ಅಪಘಾತದವರಿಗೆ ಮೊದಲ 7 ದಿನ ಒಂದೂವರೆ ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಇದನ್ನೂ ಊರಿನಲ್ಲಿ ನಾಲ್ಕು ಜನರ ಕಿವಿಗೆ ಹಾಕಿ.

ಸಾಹಿತ್ಯದ ಪತ್ರಿಕೆಯಲ್ಲಿ ಈ ಲೆಕ್ಕಾಚಾರ ಯಾಕೆ ಅಂತ ಸಂಪಾದಕರು ಕೇಳಬಹುದು. ಕೂಲಿಯವನ ಮನೆಯಲ್ಲಿ ಧರ್ಮ, ಋಣ, ಹಣೆಬರಹ ಎಂಬ ಮಾತುಗಳು ನಿತ್ಯ ಓಡಾಡುತ್ತವೆ. ಅಲ್ಲಿಗೆ ಹಕ್ಕು, ಬಾಕಿ, ರಸೀದಿ ಎಂಬ ಮೂರು ಮಾತುಗಳನ್ನೂ ಕನ್ನಡದಲ್ಲೇ ಮುಟ್ಟಿಸಬೇಕು. ಕಾಯ್ದೆ ಇಂಗ್ಲಿಷಿನಲ್ಲಿ ಇದೆ, ಗಾಯ ಕನ್ನಡದಲ್ಲಿ ಆಗುತ್ತದೆ. ನಡುವೆ ನಿಂತು ಎರಡನ್ನೂ ಓದಬಲ್ಲವರು ಸದ್ಯಕ್ಕೆ ನಾವೇ.